ಕೊನೆಯವರು ಬರುವವರೆಗೆ

ವೇದಿಕೆಯ ನಡುವೆ ಕೂತು ಈಗಾಗಲೇ ಒಮ್ಮೆ ಗಡಿಯಾರ ನೋಡಿಕೊಂಡ ಮಾನ್ಯ ಅಧ್ಯಕ್ಷರೇ, ನಮ್ಮಂಥವರ ಮೊಣಕಾಲುಗಳನ್ನೇ ನಂಬಿ ಆಸ್ಪತ್ರೆ ನಡೆಸುತ್ತಿರುವ ಮುಖ್ಯ ಅತಿಥಿಗಳಾದ ಮೂಳೆ ವೈದ್ಯರೇ, ಬಳಗದ ಕಾರ್ಯದರ್ಶಿಗಳೇ, ಬೆವರು ಆರುವ ಮೊದಲೇ ಫ್ಯಾನಿನ ಕೆಳಗಿನ ಕುರ್ಚಿಗಳನ್ನೆಲ್ಲ ಹಿಡಿದು ಕೂತಿರುವ ಓಟಗಾರ ಬಂಧುಗಳೇ, ಅವರನ್ನು ಮನೆಗೆ ಕರೆದುಕೊಂಡು ಹೋಗಲು ಬಂದು ಇಲ್ಲಿ ಸಿಕ್ಕಿಹಾಕಿಕೊಂಡಿರುವ ಮನೆಯವರೇ, ಮತ್ತು ಎಲ್ಲ ಸಭಿಕರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಔಷಧಿ ಅಂಗಡಿಯ ಕಟ್ಟೆಯ ಹಿಂದೆ ನಿಂತು, 'ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ' ಎಂದು ಹೇಳುವುದೇ ನನ್ನ ಮಟ್ಟಿಗೆ ದೊಡ್ಡ ಭಾಷಣ. ಅದನ್ನು ಕೇಳಿದವರು ಕೂಡ ಅರ್ಧದಲ್ಲೇ ಹೊರಟುಬಿಡುತ್ತಾರೆ. ಇವತ್ತು ನೀವು ಹಾಗೆ ಹೊರಡುವಂತಿಲ್ಲ. ಏಕೆಂದರೆ ನಮ್ಮ ಬಳಗಕ್ಕೆ ಒಂದು ಪದ್ಧತಿಯಿದೆ. ಹೊಸಬರು ಬಹಳ ಜನ ಬಂದಿದ್ದೀರಿ, ಹಾಗಾಗಿ ಹೇಳಿಬಿಡುತ್ತೇನೆ. ವರ್ಷದ ಓಟದ ದಿನ ಕೊನೆಯ ಓಟಗಾರರು ಈ ಬಾಗಿಲೊಳಗೆ ಕಾಲಿಡುವವರೆಗೆ ಸಭೆ ಮುಗಿಯುವುದಿಲ್ಲ. ಅಲ್ಲಿಯವರೆಗೆ ಯಾರನ್ನು ಸನ್ಮಾನಿಸಲಾಗಿದೆಯೋ ಅವರು ಮಾತಾಡುತ್ತಲೇ ಇರಬೇಕು. ಓಟಗಾರರು ಬೇಗ ಬಂದರೆ ಭಾಷಣ ಚಿಕ್ಕದು. ತಡವಾದರೆ ಕೇಳುವವರ ಹಣೆಬರಹ. ಹಿಂದೊಮ್ಮೆ ಸನ್ಮಾನಿತರಾಗಿದ್ದ ನಮ್ಮ ಈಗಿನ ಅಧ್ಯಕ್ಷರು ತಮ್ಮ ಮನೆ ಕಟ್ಟಿದ ಕಥೆಯನ್ನು ಅಡಿಪಾಯದಿಂದ ಶುರುಮಾಡಿದ್ದರು. ಮೇಲಿನ ಮಹಡಿಯ ಕಿಟಕಿ ಕೂರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಮನೆಗೆ ಚಾವಣಿ ಹಾಕಿದರೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಗಂಟೆ ಎಂದೆನಲ್ಲ, ಅದೂ ಒಂದು ಪದ್ಧತಿ. ಬೇಕರಿ ಮೂಲೆಯಲ್ಲಿ ನಮ್ಮವರೊಬ್ಬರು ಶಾಲೆಯ ಹಳೆಯ ಕೈಗಂಟೆ ಹಿಡಿದು ನಿಂತಿದ್ದಾರೆ. ಕೊನೆಯ ಓಟಗಾರರು ಆ ತಿರುವು ದಾಟಿದ ಕೂಡಲೇ ಬಾರಿಸುತ್ತಾರೆ. ಅದು ಕೇಳಿಸಿದರೆ ಇಲ್ಲಿ ಮಾತಾಡುವವರು ಮಾತು ಮುಗಿಸುವ ದಾರಿ ಹುಡುಕಿಕೊಳ್ಳಬೇಕು. ಆದ್ದರಿಂದ ದಯವಿಟ್ಟು ಆ ಮಕ್ಕಳು ಹಿಂದಿನ ಸಾಲಿನಲ್ಲಿ ಸೈಕಲ್ ಬೆಲ್ ಬಾರಿಸುವುದನ್ನು ನಿಲ್ಲಿಸಿದರೆ ನನ್ನ ಎದೆಗೆ ಒಳ್ಳೆಯದು.

ಸನ್ಮಾನಕ್ಕೆ ನನ್ನನ್ನು ಯಾಕೆ ಆರಿಸಿದಿರಿ? ನಾನು ಯಾವತ್ತೂ ಗೆದ್ದವಳಲ್ಲ. ಬಳಗದಲ್ಲಿ ನನಗಿರುವ ಹುದ್ದೆಯ ಹೆಸರು 'ಬಾಲ'. ಕೊನೆಯವರ ಜೊತೆ ಕೊನೆಯಲ್ಲಿ ಓಡುವವಳು. ಯಾರಿಗೂ ನಾನು ಹಿಂದೆ ಬಿದ್ದೆ ಅನ್ನಿಸಬಾರದು, ದಾರಿಯಲ್ಲಿ ಯಾರೂ ಒಂಟಿಯಾಗಿ ಉಳಿಯಬಾರದು ಎಂದು ಒಬ್ಬರು ಅವರ ಹಿಂದೆಯೇ ಇರಬೇಕು. ಬಾಲ ಎಂದಿಗೂ ಕೊನೆಯವರನ್ನು ದಾಟಿ ಮುಂದೆ ಬರುವಂತಿಲ್ಲ. ಬಳಗದ ಎರಡನೆಯ ವರ್ಷದಿಂದ ನಾನೇ ಬಾಲ. ಇವತ್ತು ನೀವೆಲ್ಲ ಸೇರಿ ಬಾಲಕ್ಕೆ ಫಲಕ ಕೊಟ್ಟು, ಹೂಗುಚ್ಛ ಕೊಟ್ಟು, ತಂದು ವೇದಿಕೆಯ ಮೇಲೆ ಕೂರಿಸಿದ್ದೀರಿ. ಬಾಲ ವೇದಿಕೆಯ ಮೇಲಿದ್ದರೆ ದಾರಿಯಲ್ಲಿ ಯಾರು? ಕನ್ನಡಕದ ಅಂಗಡಿಯವರಿಗೆ ಒಪ್ಪಿಸಿದ್ದೇವೆ. ಒಳ್ಳೆಯ ಮನುಷ್ಯರು. ಆದರೆ ಬಾಲ ಆದವರು ಫೋನ್ ಇಟ್ಟುಕೊಂಡಿರಬೇಕು ಎಂಬುದು ನಿಯಮ. ಅವರ ಫೋನು ಅಲ್ಲಿ, ಕಾರ್ಯದರ್ಶಿಗಳ ಮೇಜಿನ ಮೇಲೆ, ಚಾರ್ಜಿಗೆ ಹಾಕಿದ್ದು ಹಾಗೇ ಕೂತಿದೆ. ನನಗೆ ಇಲ್ಲಿಂದಲೇ ಅದರ ಹಸಿರು ದೀಪ ಕಾಣಿಸುತ್ತಿದೆ.

ಇನ್ನು ಬರಬೇಕಾದವರು ಇಬ್ಬರೇ ಎಂದು ಕಾರ್ಯದರ್ಶಿಗಳು ಈಗ ತಾನೇ ಹೇಳಿದರು. ಒಬ್ಬರು ಕನ್ನಡಕದ ಅಂಗಡಿಯವರು. ಇನ್ನೊಬ್ಬರು ನಮ್ಮ ಮನೆಯವರು.

ನೀವು ನಗುತ್ತಿದ್ದೀರಿ. ನಗಿ, ನಾನೂ ಬೆಳಿಗ್ಗೆ ನಕ್ಕಿದ್ದೆ. ಅವರು ಮೊದಲೇ ಹೇಳಿಟ್ಟಿದ್ದರು, 'ನೋಡ್ತಿರು, ನಾನೇ ಕೊನೆಯವನಾಗಿ ಬರ್ತೀನಿ. ಅಲ್ಲೀವರೆಗೂ ನೀನು ಮೈಕ್ ಮುಂದೆ ನಿಂತು ಮಾತಾಡ್ತಾ ಇರಬೇಕು. ಮದುವೆ ಆದಾಗಿನಿಂದ ನನ್ನ ಹತ್ರ ಒಂದೇ ಉಸಿರಿಗೆ ಅಷ್ಟು ಮಾತಾಡಿಲ್ಲ ನೀನು. ಇವತ್ತು ಊರೆಲ್ಲ ಕೇಳಲಿ.' ಹಾಗಾಗಿ ತಡವಾಗುತ್ತಿರುವುದು ಅವರ ತಮಾಷೆಯೇ ಇರಬೇಕು. ಇರಬೇಕು. ಆದರೆ ತಮಾಷೆಗೂ ಒಂದು ಮಿತಿಯಿದೆ ಅಲ್ಲವೇ? ಬಿಸಿಲು ಆಗಲೇ ಆ ಮೂರನೆಯ ಕಿಟಕಿಗೆ ಬಂದಿದೆ.

ಇರಲಿ. ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ 'ನಾನೇಕೆ ಓಡುತ್ತೇನೆ?' ಎಂಬುದು. 'ಓಟದಿಂದ ಸಿಗೋ ಸಂತೋಷದ ಬಗ್ಗೆ ಹೇಳಿ, ಹೊಸಬರಿಗೆ ಉತ್ಸಾಹ ಬರಬೇಕು' ಎಂದಿದ್ದಾರೆ. ಸಂತೋಷದ ಬಗ್ಗೆಯೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಭಯದ ಬಗ್ಗೆ ಹೇಳಬೇಕಾಗುತ್ತದೆ.

ನಾನು ಹುಟ್ಟಾ ಪುಕ್ಕಲಿ. ಮನೆಗೆ ಬೀಗ ಹಾಕಿ ಎಳೆದು ನೋಡುತ್ತೇನೆ. ಎಳೆದು ನೋಡಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ನೋಡುತ್ತೇನೆ. ಮಗಳು ಚಿಕ್ಕವಳಿದ್ದಾಗ ಅವಳು ಮಲಗಿದ ಮೇಲೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಅವಳು ಎದ್ದು ಅಳುತ್ತಿದ್ದಳು. ಆಗ ನನಗೆ ಸಮಾಧಾನವಾಗುತ್ತಿತ್ತು. ಇಂಥವಳನ್ನು, ಮದುವೆಗೂ ಮೊದಲೇ, ನನ್ನ ಸೋದರಮಾವ ತಂದು ತನ್ನ ಔಷಧಿ ಅಂಗಡಿಯಲ್ಲಿ ನಿಲ್ಲಿಸಿದ. 'ಬೇಡ ಮಾವ, ನನಗೆ ಹೆದರಿಕೆ. ಒಂದು ಹೋಗಿ ಇನ್ನೊಂದು ಕೊಟ್ಟುಬಿಟ್ರೆ?' ಎಂದು ನಾನು ಅತ್ತೆ. ಅವನು ಹೇಳಿದ್ದು ಇಷ್ಟೇ. 'ಮಾತ್ರೆ ಕೊಡೋ ಕೈಗೆ ಅನುಮಾನ ಇರಬೇಕು ಕಣೇ. ಅನುಮಾನ ಇಲ್ದೋರು ಬೇರೆ ವ್ಯಾಪಾರ ಮಾಡ್ಕೊಳ್ಳಲಿ.'

ನನ್ನ ಪುಕ್ಕಲುತನಕ್ಕೆ ಅಷ್ಟು ದೊಡ್ಡ ಮರ್ಯಾದೆ ಅದಕ್ಕೆ ಮೊದಲು ಯಾರೂ ಕೊಟ್ಟಿರಲಿಲ್ಲ. ಅವನೇ ನನಗೆ ಒಂದು ರೂಢಿ ಕಲಿಸಿದ. ಚೀಟಿ ನೋಡಿ ಮಾತ್ರೆಯ ಪಟ್ಟಿ ತೆಗೆಯುವುದು, ಪಟ್ಟಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುವುದು, ತೆಗೆದುಕೊಳ್ಳುವವರ ಬಾಯಿಂದಲೂ ಅದನ್ನೇ ಒಮ್ಮೆ ಹೇಳಿಸುವುದು. ಗಟ್ಟಿಯಾಗಿ ಓದದೆ ಯಾವ ಮಾತ್ರೆಯೂ ನನ್ನ ಕಟ್ಟೆ ದಾಟುವುದಿಲ್ಲ. ಆ ರೂಢಿ ಇವತ್ತಿಗೂ ಇದೆ. ಗಿರಾಕಿಗಳು ರೇಗುತ್ತಾರೆ. 'ನಾವೇನು ಪಾಠ ಒಪ್ಪಿಸೋಕೆ ಬಂದಿದ್ದೀವಾ?' ಎನ್ನುತ್ತಾರೆ. ಈ ಸಭೆಯಲ್ಲೇ ಹಾಗೆ ರೇಗಿದವರು ನಾಲ್ಕೈದು ಜನ ಇದ್ದೀರಿ. ಹೆಸರು ಹೇಳುವುದಿಲ್ಲ, ಕಾಯಿಲೆಯನ್ನಂತೂ ಹೇಳುವುದೇ ಇಲ್ಲ.

ಒಂದು ದಿನ ಅಂಗಡಿ ತುಂಬ ಜನ. ಒಬ್ಬ ಹಿರಿಯರು ಆತುರದಲ್ಲಿದ್ದರು. ಪೊಟ್ಟಣ ಕೊಟ್ಟೆ, ಅವರು ಹೊರಟರು. ಅವರು ಕಣ್ಮರೆಯಾದ ಮೇಲೆ ಅನುಮಾನ ಹತ್ತಿತು. ನಾನು ಗಟ್ಟಿಯಾಗಿ ಓದಿದೆನಾ? ರಕ್ತದೊತ್ತಡದ್ದು ಕೊಟ್ಟೆನಾ, ಸಕ್ಕರೆ ಕಾಯಿಲೆಯದು ಕೊಟ್ಟೆನಾ? ಎರಡೂ ಬೆಳ್ಳಿ ಬಣ್ಣದ ಪಟ್ಟಿಗಳೇ, ಪಕ್ಕಪಕ್ಕದ ಖಾನೆಯವೇ. ಮಾವ ಏನೋ ಕೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ಕಟ್ಟೆಯ ಹಲಗೆ ಎತ್ತಿ ಬೀದಿಗೆ ಇಳಿದವಳು ಓಡಿದೆ. ಅದಕ್ಕೆ ಮೊದಲು ನಾನು ಓಡಿದ ನೆನಪೇ ಇಲ್ಲ. ಆ ಕಾಲದಲ್ಲಿ ದೊಡ್ಡ ಹುಡುಗಿಯರು ಬೀದಿಯಲ್ಲಿ ಓಡಿದರೆ ಯಾರೋ ಸತ್ತಿದ್ದಾರೆ ಎಂದೇ ಜನ ತಿಳಿಯುತ್ತಿದ್ದರು. 'ನಿಲ್ಲಿ! ಅವರನ್ನ ಹಿಡೀರಿ!' ಎಂದು ಕಿರುಚಿದೆ. ಹಿಡೀರಿ ಎನ್ನಬಾರದಿತ್ತು. ಬೀದಿಯವರು ಅವರನ್ನು ಕಳ್ಳ ಎಂದುಕೊಂಡರು. ಆ ಹಿರಿಯರು ಹೆದರಿ, ಎದುರಿಗೆ ಬಂದ ಬಸ್ಸನ್ನು ಹತ್ತಿಬಿಟ್ಟರು. ಬಸ್ಸು ಹೊರಟಿತು. ನಾನು ಬಸ್ಸಿನ ಹಿಂದೆ ಓಡಿದೆ. ಒಂದು ಚಪ್ಪಲಿ ತರಕಾರಿ ಅಂಗಡಿಯ ಮುಂದೆ, ಇನ್ನೊಂದು ಅಂಚೆ ಕಚೇರಿಯ ಮುಂದೆ ಉಳಿಯಿತು.

ಬಸ್ಸು ನಿಲ್ದಾಣವೇ ಅಲ್ಲದ ಜಾಗದಲ್ಲಿ ನಿಂತಿತು. ಚಾಲಕರು ಕನ್ನಡಿಯಲ್ಲಿ ನನ್ನನ್ನು ನೋಡಿದ್ದರಂತೆ. ನಾನು ಒಳಗೆ ಹತ್ತಿ, ಆ ಹಿರಿಯರ ಕೈಯಿಂದ ಪೊಟ್ಟಣ ಕಿತ್ತುಕೊಂಡು ಬಿಚ್ಚಿ ನೋಡಿದೆ.

ಸರಿಯಾಗಿತ್ತು. ಕೊಡಬೇಕಾದ ಮಾತ್ರೆಯನ್ನೇ ಕೊಟ್ಟಿದ್ದೆ.

ಆ ಕ್ಷಣವನ್ನು ನಿಮಗೆ ಹೇಗೆ ಹೇಳಲಿ? ಎದೆ ಡವಡವ ಎನ್ನುತ್ತಿದೆ, ಕಾಲಿನಲ್ಲಿ ಕಲ್ಲು ಚುಚ್ಚಿ ರಕ್ತ, ಬಸ್ಸಿನವರೆಲ್ಲ ಬೈಯುತ್ತಿದ್ದಾರೆ, ಆ ಹಿರಿಯರಂತೂ 'ದುಡ್ಡು ಕೊಟ್ಟಿದ್ದೀನಿ ತಾಯಿ, ನಾನು ಕಳ್ಳ ಅಲ್ಲ' ಎಂದು ಕೈಮುಗಿಯುತ್ತಿದ್ದಾರೆ. ನನಗೆ ಮಾತ್ರ ಮೈಯೆಲ್ಲ ಹಗುರ. ಲೋಕದಲ್ಲಿ ಎಲ್ಲವೂ ಇರಬೇಕಾದ ಜಾಗದಲ್ಲಿ ಇದೆ ಅನ್ನಿಸಿತು. ಚಾಲಕರು ತಿರುಗಿ, 'ಸರಿ ಇದ್ರೆ ಸಂತೋಷಪಡ್ರೀ, ಯಾಕೆ ಅಳ್ತೀರಾ?' ಎಂದರು. 'ಅಳ್ತಿಲ್ಲ, ಉಸಿರು ಬಿಡ್ತಿದ್ದೀನಿ' ಎಂದೆ. 'ನಿಧಾನಕ್ಕೆ ಬಿಡಿ, ಬಸ್ಸು ನಿಂತಿರುತ್ತೆ' ಎಂದರು.

ಸಭಿಕರೇ, ಆ ಚಾಲಕರೇ ಈಗ ನಾವೆಲ್ಲ ಕಾಯುತ್ತಿರುವವರು.

ಯಾರೋ ಬಂದರು... ಅಲ್ಲ. ನೀರಿನ ಕ್ಯಾನ್ ತಂದವರು. ಒಳಗಿಡಿ, ಪರವಾಗಿಲ್ಲ. ಬರುವಾಗ ದಾರಿಯಲ್ಲಿ ಯಾರಾದರೂ ನೀಲಿ ಅಂಗಿಯವರು... ಇಲ್ಲವೇ? ಸರಿ.

ಎಲ್ಲಿದ್ದೆ? ಹೌದು, ಬಸ್ಸು. ಅವರು ನನ್ನನ್ನು ಮದುವೆಯಾದದ್ದು ಯಾಕೆ ಎಂದು ಆಮೇಲೆ ಕೇಳಿದ್ದೆ. 'ಬಸ್ಸಿನ ಹಿಂದೆ ಓಡೋರನ್ನ ಕನ್ನಡೀಲಿ ಎಷ್ಟೋ ಜನರನ್ನ ನೋಡಿದ್ದೀನಿ. ಎಲ್ರೂ ತಮಗೋಸ್ಕರ ಓಡ್ತಾರೆ. ಬಸ್ಸಲ್ಲಿ ಕೂತಿರೋನಿಗೋಸ್ಕರ ಓಡಿದವಳು ನೀನೊಬ್ಳೇ' ಎಂದರು. ಅವರಿಗೆ ಒಂದು ಹೆಮ್ಮೆಯಿತ್ತು. ಓಡಿ ಬರುವವರನ್ನು ಬಿಟ್ಟು ಅವರು ಯಾವತ್ತೂ ಬಸ್ಸು ಮುಂದಕ್ಕೆ ಒಯ್ಯಲಿಲ್ಲ. ಮೇಲಿನವರಿಂದ ಬೈಗುಳ ತಿಂದರು, ತಡವಾಯಿತೆಂದು ಪ್ರಯಾಣಿಕರಿಂದ ಬೈಗುಳ ತಿಂದರು. ಕನ್ನಡಿಯಲ್ಲಿ ಓಡುವ ಮನುಷ್ಯ ಕಂಡರೆ ಅವರ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತಿತ್ತಂತೆ. ಹೀಗೆ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಓಡುವುದು ನನ್ನ ಕೆಲಸ, ಕಾಯುವುದು ಅವರ ಕೆಲಸ.

ಆಮೇಲೆ ಎಷ್ಟು ಜನರ ಹಿಂದೆ ಓಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಕೆಮ್ಮಿನ ಔಷಧಿ ತೆಗೆದುಕೊಂಡವರ ಮದುವೆ ಮಂಟಪದವರೆಗೂ ಓಡಿದ್ದೆ. ಒಮ್ಮೆಯೂ, ಕೇಳಿಸಿಕೊಳ್ಳಿ, ಒಮ್ಮೆಯೂ ಮಾತ್ರೆ ತಪ್ಪಾಗಿರಲಿಲ್ಲ. 'ಒಂದು ಸಲವಾದರೂ ತಪ್ಪು ಕೊಡೇ, ನಿನ್ನ ಓಟಕ್ಕೊಂದು ಅರ್ಥ ಬರಲಿ' ಎಂದು ಮಾವ ತಮಾಷೆ ಮಾಡುತ್ತಿದ್ದ. ಆದರೆ ಅಷ್ಟರಲ್ಲಿ ನನಗೊಂದು ಗುಟ್ಟು ತಿಳಿದಿತ್ತು. ಓಡುವಾಗ ಭಯ ನಮ್ಮನ್ನು ಬಿಟ್ಟು ಹೋಗುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು. ಭಯವೂ ನಮ್ಮ ಜೊತೆಗೇ ಓಡುತ್ತದೆ. ಆದರೆ ಸ್ವಲ್ಪ ದೂರ ಹೋದ ಮೇಲೆ ಅದಕ್ಕೂ ಏದುಸಿರು ಬರುತ್ತದೆ. ಆಗ ಅದಕ್ಕೆ ಮಾತಾಡಲು ಆಗುವುದಿಲ್ಲ. ಅಷ್ಟು ಸಾಕು. ಅದು ಬಾಯಿ ಮುಚ್ಚಿದ ಆ ಹೊತ್ತಿನಲ್ಲಿ ನನಗೆ ಗಾಳಿ ಗೊತ್ತಾಗುತ್ತದೆ, ಬೇಕರಿಯ ವಾಸನೆ ಗೊತ್ತಾಗುತ್ತದೆ, ನನಗೆ ಎರಡು ಗಟ್ಟಿ ಕಾಲುಗಳಿವೆ ಎಂಬುದು ಗೊತ್ತಾಗುತ್ತದೆ. ಅದಕ್ಕಾಗಿ ಯಾರ ಹಿಂದೆಯೂ ಅಲ್ಲದೆ ಬರಿದೇ ಓಡತೊಡಗಿದೆ. ಬೆಳಗಿನ ಹೊತ್ತು, ಅಂಗಡಿ ತೆಗೆಯುವ ಮುಂಚೆ.

ಆಗ ಈ ಬಳಗ ಶುರುವಾಯಿತು. ಮೊದಲ ವರ್ಷದ ಓಟದಲ್ಲಿ ನಾನೇ ಕೊನೆಯವಳು. ಕಾಲು ನಿಧಾನವಿದ್ದದ್ದಕ್ಕಲ್ಲ. ಅರ್ಧ ದಾರಿಯಲ್ಲಿ ಅಂಗಡಿಯ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂತು. ಓಟದ ದಾರಿ ಬಿಟ್ಟು ಅಂಗಡಿಗೆ ಓಡಿ, ಬೀಗ ಎಳೆದು ನೋಡಿ, ಮತ್ತೆ ದಾರಿಗೆ ಬಂದು ಸೇರಿಕೊಂಡೆ. ಇಲ್ಲಿಗೆ ಬಂದಾಗ ಇದೇ ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಯಾರೋ ಕಸ ಗುಡಿಸುತ್ತಿದ್ದರು. ಬಾಗಿಲ ಪಕ್ಕದಲ್ಲಿ ನಮ್ಮ ಮನೆಯವರು ಒಬ್ಬರೇ ಒಂದು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು. 'ಇದೊಂದನ್ನ ಎತ್ತಬೇಡಿ, ನಮ್ಮವಳು ಬರ್ತಾಳೆ' ಎಂದು ಎಲ್ಲರ ಜೊತೆ ಜಗಳವಾಡಿದ್ದರಂತೆ. ಆಗಿನ ಅಧ್ಯಕ್ಷರು, ಚಿತ್ರಕಲೆಯ ಮೇಷ್ಟ್ರು, ಅದನ್ನು ನೋಡಿ ಬಹಳ ನೊಂದುಕೊಂಡರು. ಕೊನೆಯವರು ಬರುವವರೆಗೆ ಸಭೆ ಮುಗಿಯಬಾರದು ಎಂಬ ಪದ್ಧತಿ ಅವತ್ತೇ ಹುಟ್ಟಿದ್ದು. ನೀವು ಇಷ್ಟು ಹೊತ್ತು ಹಸಿದು ಕೂತಿರುವುದಕ್ಕೆ ಕಾರಣ ನಾನು ಮತ್ತು ನನ್ನ ಅಂಗಡಿಯ ಬೀಗ. ಅಂದಹಾಗೆ, ಬೀಗ ಹಾಕಿಯೇ ಇತ್ತು.

ಕಾರ್ಯದರ್ಶಿಗಳು ಚೀಟಿ ಕೊಟ್ಟಿದ್ದಾರೆ. 'ಸೇತುವೆಯ ನೀರಿನ ಮೇಜಿನವರಿಗೆ ಫೋನ್ ಮಾಡಿದೆ. ಇಬ್ಬರೂ ಅಲ್ಲಿಂದ ಹೊರಟು ಬಹಳ ಹೊತ್ತಾಯಿತಂತೆ.' ಬಹಳ ಹೊತ್ತು ಎಂದರೆ? ಸೇತುವೆಯಿಂದ ಇಲ್ಲಿಗೆ ಕಾಲುವೆ ಪಕ್ಕದ ದಾರಿ. ಕಿರಿದಾದ ಕಾಲುದಾರಿ, ಅಲ್ಲಿ ಸ್ಕೂಟರ್ ಕೂಡ ಹೋಗುವುದಿಲ್ಲ. ಯಾರನ್ನಾದರೂ ಕಳಿಸುವುದಾದರೆ ನಡೆದೇ ಹೋಗಬೇಕು. ಇಲ್ಲವೇ ಓಡಬೇಕು.

ಅಧ್ಯಕ್ಷರೇ, ಸ್ವಲ್ಪ ನೀರು. ಧನ್ಯವಾದ.

ಕಳೆದ ವರ್ಷ ನಾನು ಬೆಳಗಿನ ಓಟ ಮುಗಿಸಿ ಮನೆಗೆ ಹೋದಾಗ ಅವರು ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದರು. ಬೆವರು ಸುರಿಯುತ್ತಿತ್ತು. ಓಡಿ ಬಂದವಳು ನಾನು, ಬೆವರುತ್ತಿದ್ದವರು ಅವರು. 'ಯಾಕ್ರೀ ಕೆಳಗೆ ಕೂತಿದ್ದೀರಾ?' ಎಂದೆ. 'ನೀನು ಬರೋದು ಕಾಣ್ಲಿ ಅಂತ ನಿಂತಿದ್ದೆ. ನಿಲ್ಲೋಕಾಗ್ಲಿಲ್ಲ' ಎಂದರು. ಹೃದಯದ ತೊಂದರೆ. ಆಸ್ಪತ್ರೆ ಹತ್ತಿರವಿತ್ತು, ಉಳಿದರು. ನನಗೆ ಆಗ ಗೊತ್ತಾಯಿತು, ನಾನು ಓಡಿದ ಅಷ್ಟೂ ಬೆಳಗುಗಳಲ್ಲಿ ಅವರು ಆ ಕಿಟಕಿಯಲ್ಲಿ ನಿಂತಿರುತ್ತಿದ್ದರು. ಒಂದು ದಿನವೂ ಅದನ್ನು ಹೇಳಿರಲಿಲ್ಲ. ನಾನು ಬಾಗಿಲು ತೆಗೆಯುವ ಹೊತ್ತಿಗೆ ಪೇಪರ್ ಹಿಡಿದು ಕೂತು, 'ಓ, ಬಂದ್ಯಾ? ಇಷ್ಟು ಬೇಗ?' ಎನ್ನುತ್ತಿದ್ದರು.

ಆಮೇಲೆ ನಾನು ಓಡುವುದನ್ನು ಬಿಟ್ಟೆ. ಮನೆಯಲ್ಲೇ ಕೂತು ಅವರ ಮುಖ ನೋಡುತ್ತಿದ್ದೆ. ಅವರು ಸೀನಿದರೆ ಎದ್ದು ನಿಲ್ಲುತ್ತಿದ್ದೆ. ಸೀನದಿದ್ದರೆ ಯಾಕೆ ಸುಮ್ಮನಿದ್ದಾರೆ ಎಂದು ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಅವರೇ ಕೈಮುಗಿದರು. 'ನೀನು ಹೀಗೇ ಕೂತಿದ್ರೆ ನನಗೆ ಉಸಿರು ಕಟ್ಟುತ್ತೆ ಮಾರಾಯ್ತಿ. ಎದ್ದು ಹೋಗಿ ಒಂದು ಸುತ್ತು ಓಡಿ ಬಾ.' ಹೋಗಲಿಲ್ಲ. ಅದಕ್ಕೆ ಅವರೇ ಹೊರಟರು. ಮೊದಲು ಬೀದಿಯ ತುದಿಯವರೆಗೆ ನಡೆದರು. ಆಮೇಲೆ ಉದ್ಯಾನದ ಸುತ್ತ. ಆಮೇಲೆ ಒಂದು ದಿನ, ನನ್ನ ಕಣ್ಣೆದುರೇ, ಸಣ್ಣಗೆ ಓಡಿದರು. ಬಸ್ಸು ಮೊದಲನೇ ಗೇರಿನಲ್ಲಿ ಹೊರಟ ಹಾಗೆ. ವೈದ್ಯರು ಒಪ್ಪಿದ್ದಾರೆ. 'ಮಾತಾಡೋಕೆ ಉಸಿರು ಉಳಿಯೋ ಹಾಗೆ ಓಡಲಿ, ಸಾಕು' ಎಂದಿದ್ದಾರೆ. ನಾನು ಪಕ್ಕದಲ್ಲೇ ಓಡುತ್ತ, 'ಮಾತಾಡಿ, ಏನಾದ್ರೂ ಮಾತಾಡ್ತಾ ಇರಿ' ಎನ್ನುತ್ತಿದ್ದೆ. ಅವರು ಬಸ್ ನಿಲ್ದಾಣಗಳ ಹೆಸರನ್ನು ಒಂದರ ಹಿಂದೊಂದು ಹೇಳುತ್ತ ಓಡುತ್ತಿದ್ದರು. ಅದಕ್ಕಿಂತ ಚಂದದ ಮಾತು ನಾನು ಕೇಳಿಲ್ಲ.

ಈ ಸಲದ ಓಟಕ್ಕೆ ಅವರು ಹೆಸರು ಕೊಟ್ಟಾಗ ನಾನು ಬೇಡವೆಂದೆ. ವೇದಿಕೆಯ ಮೇಲೆ ಕೂರಬೇಕಾದ ದಿನ ನಾನು ಪಕ್ಕದಲ್ಲಿರುವುದಿಲ್ಲವಲ್ಲ. ಅದಕ್ಕೆ ಅವರು ಏನು ಹೇಳಿದರು ಗೊತ್ತೇ? 'ಇಷ್ಟು ವರ್ಷ ನೀನು ಓಡಿದೆ, ನಾನು ಕಾದೆ. ಒಂದು ಸಲ ನಾನು ಓಡ್ತೀನಿ, ನೀನು ಕಾಯಿ. ಅದೇನು ಅಂತ ನಿನಗೂ ಗೊತ್ತಾಗ್ಲಿ.'

ಗೊತ್ತಾಯಿತು. ಚೆನ್ನಾಗಿ ಗೊತ್ತಾಗುತ್ತಿದೆ.

ಸಭಿಕರೇ, ನಾನೊಂದು ವಿಷಯ ಹೇಳಿಬಿಡಬೇಕು. ಇವತ್ತು ಬೆಳಿಗ್ಗೆ ಮನೆಯಲ್ಲಿ ಗಡಿಬಿಡಿ. ಹೊಸ ಬಟ್ಟೆ, ಹೊಸ ಚಪ್ಪಲಿ, ಮಗಳ ಫೋನು, ಕಾರ್ಯದರ್ಶಿಗಳ ಫೋನು. ಆ ನಡುವೆ ಅವರ ಬೆಳಗಿನ ಮಾತ್ರೆ ತೆಗೆದು ಕೈಗೆ ಕೊಟ್ಟೆ. ಅವರು ನುಂಗಿದರು. ನಾನು ಪಟ್ಟಿಯ ಹೆಸರನ್ನು ಗಟ್ಟಿಯಾಗಿ ಓದಲಿಲ್ಲ. ಊರಿನವರಿಗೆಲ್ಲ ಓದಿ ಹೇಳುವವಳು ಮನೆಯವರಿಗೆ ಓದಲಿಲ್ಲ. ಅವರ ಬೆಳಗಿನದೂ ರಾತ್ರಿಯದೂ ಎರಡೂ ಬೆಳ್ಳಿ ಪಟ್ಟಿಗಳು. ರಾತ್ರಿಯದು ತೆಗೆದುಕೊಂಡರೆ ತೂಕಡಿಕೆ, ತಲೆಸುತ್ತು. ಅದನ್ನು ನುಂಗಿ ಬಿಸಿಲಲ್ಲಿ ಕಾಲುವೆ ದಾರಿಯಲ್ಲಿ ಓಡುವುದೆಂದರೆ... ಖಾಲಿಯಾದ ಆ ಪಟ್ಟಿಯನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡ ನೆನಪು. ಕೈಚೀಲ ಅಲ್ಲಿದೆ, ಮೂಳೆ ವೈದ್ಯರ ಕುರ್ಚಿಯ ಪಕ್ಕ. ಈ ಭಾಷಣ ಶುರುಮಾಡಿದಾಗಿನಿಂದ ಅದರ ಕಡೆ ನೋಡುತ್ತಿದ್ದೇನೆ. ತೆಗೆದು ನೋಡುವ ಧೈರ್ಯವಿಲ್ಲ.

ಡಾಕ್ಟರೇ, ಅದನ್ನೊಂದಿಷ್ಟು ಈ ಕಡೆ ಕೊಡುತ್ತೀರಾ? ಇಲ್ಲಿ, ಪಕ್ಕದ ಜೇಬು. ಕರವಸ್ತ್ರ, ಮನೆ ಬೀಗದ ಕೈ... ಇದು.

ನೀವೆಲ್ಲ ಸಾಕ್ಷಿ. ಗಟ್ಟಿಯಾಗಿಯೇ ಓದುತ್ತೇನೆ... ಬೆಳಗಿನದು. ಬೆಳಗಿನದೇ.

ಸರಿಯಾಗಿದೆ.

ಚಪ್ಪಾಳೆ ಬೇಡ. ದಯವಿಟ್ಟು ಬೇಡ. ಇದುವರೆಗೆ ಪ್ರತಿಸಲ ಪೊಟ್ಟಣ ಬಿಚ್ಚಿ ನೋಡಿದಾಗ ಮೈ ಹಗುರಾಗುತ್ತಿತ್ತು ಎಂದೆನಲ್ಲ, ಈಗ ಹಾಗೆ ಆಗುತ್ತಿಲ್ಲ. ಪಟ್ಟಿ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಮಾತ್ರೆ ಸರಿಯಿದ್ದ ಮಾತ್ರಕ್ಕೆ ಅವರು ಬಾಗಿಲಲ್ಲಿ ಬಂದು ನಿಲ್ಲುವುದಿಲ್ಲವಲ್ಲ. ಹಾಗಾದರೆ ಇಷ್ಟು ವರ್ಷ ನಾನು ಪೊಟ್ಟಣದ ಹಿಂದೆ ಓಡಿದ್ದೆನೇ? ಅಲ್ಲ ಅನ್ನಿಸುತ್ತದೆ. ಆ ಹಿರಿಯರು ಬಸ್ಸಿನಲ್ಲಿ ಇದ್ದರು, ಕೈಗೆ ಸಿಕ್ಕರು, ಬದುಕಿದ್ದರು, ನನಗೆ ಕೈಮುಗಿದರು. ಸಂತೋಷ ಅದು.

ಮಾನ್ಯ ಅಧ್ಯಕ್ಷರೇ, ನನಗೆ ಪದ್ಧತಿ ಗೊತ್ತು. ಅದು ಹುಟ್ಟಿದ್ದೇ ನನ್ನಿಂದ. ಸನ್ಮಾನಿತರು ಮೈಕ್ ಬಿಟ್ಟು ಹೋಗಬಾರದು. ಆದರೆ ನಿಂತು ಕಾಯುವ ಶಕ್ತಿ ನಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಇತ್ತು, ಅವರು ದಾರಿಯಲ್ಲಿದ್ದಾರೆ. ಕಾಲುವೆ ದಾರಿಯಲ್ಲಿ ನಡೆದು ಹೋಗಬಹುದಾದವರು ಇಲ್ಲಿ ಬಹಳ ಜನ ಇದ್ದೀರಿ, ಆದರೆ ಓಡಿ ಓಡಿ ನಿಮ್ಮ ಕಾಲುಗಳು ದಣಿದಿವೆ. ನಾನೊಬ್ಬಳೇ ಇವತ್ತು ಓಡಿಲ್ಲ. ಆದ್ದರಿಂದ ಈ ಮಾತುಗಳೊಂದಿಗೆ...

ಗಂಟೆ.

ಗಂಟೆ ಅಲ್ಲವೇ ಅದು? ಸೈಕಲ್ ಅಲ್ಲ ತಾನೇ? ಗಂಟೆಯೇ.

ಯಾರೂ ಏಳಬೇಡಿ, ನನಗೆ ಇಲ್ಲಿಂದ ಬಾಗಿಲು ಕಾಣಿಸಬೇಕು. ನಿಮ್ಮ ಬೆನ್ನಿಗಿದೆ, ನನ್ನ ಕಣ್ಣೆದುರಿಗಿದೆ. ಬೇಕರಿಯಿಂದ ಇತ್ತ ಏರುವ ರಸ್ತೆ ಪೂರ್ತಿ ಕಾಣುತ್ತದೆ. ಹಾಂ, ಒಬ್ಬರು ಬರುತ್ತಿದ್ದಾರೆ. ಅದು ಕನ್ನಡಕದ ಅಂಗಡಿಯವರು. ಕುಂಟುತ್ತಿದ್ದಾರೆ. ಒಂದು ಕಾಲಿನಲ್ಲಿ ಶೂ ಇಲ್ಲ.

ಒಬ್ಬರೇ ಇದ್ದಾರೆ.

ಬಾಲ ಕೊನೆಯವರನ್ನು ದಾಟಿ ಬರುವಂತಿಲ್ಲ. ಅದು ನಿಯಮ. ಅವರು ಬಂದಿದ್ದಾರೆ ಎಂದರೆ... ಕೊನೆಯವರು ಎಲ್ಲಿ? ಯಾಕೆ ಒಬ್ಬರೇ ಬರುತ್ತಿದ್ದೀರಿ? ನಮ್ಮ ಮನೆಯವರನ್ನು ಎಲ್ಲಿ ಬಿಟ್ಟಿರಿ? ಯಾರಾದರೂ ಕೇಳಿ ಅವರನ್ನ!

ತಡೆಯಿರಿ.

ಹಿಂದೆ ನೀಲಿ ಅಂಗಿ. ಹಿಂದೆ, ಸ್ವಲ್ಪ ಹಿಂದೆ. ಕೈಯಲ್ಲಿ ಒಂದು ಶೂ ಹಿಡಿದಿದ್ದಾರೆ. ಕನ್ನಡಕದ ಅಂಗಡಿಯವರು ನಿಂತರೆ ಅವರೂ ನಿಲ್ಲುತ್ತಾರೆ. ಇವರು ಎರಡು ಹೆಜ್ಜೆ ಇಟ್ಟರೆ ಅವರು ಎರಡು ಹೆಜ್ಜೆ ಓಡುತ್ತಾರೆ. ಬಾಯಿ ಆಡುತ್ತಿದೆ. ಏನೋ ಹೇಳುತ್ತಲೇ ಇದ್ದಾರೆ, ಬಸ್ ನಿಲ್ದಾಣಗಳ ಹೆಸರೇ ಇರಬೇಕು. ಅಯ್ಯೋ ದೇವರೇ. ನಮ್ಮ ಬಾಲ ಕಾಲು ಉಳುಕಿಸಿಕೊಂಡಿದೆ. ನಮ್ಮ ಮನೆಯವರು ಬಾಲಕ್ಕೆ ಬಾಲವಾಗಿದ್ದಾರೆ. ಕನ್ನಡಿಯೇ ಇಲ್ಲದೆ ಒಬ್ಬ ಮನುಷ್ಯನಿಗಾಗಿ ಬಸ್ಸು ನಿಲ್ಲಿಸಿಕೊಂಡು ಬರುತ್ತಿದ್ದಾರೆ.

ಅಳುತ್ತಿಲ್ಲ. ಉಸಿರು ಬಿಡುತ್ತಿದ್ದೇನೆ.

ಕಾರ್ಯದರ್ಶಿಗಳೇ, ನೀವು ಕೊಟ್ಟ ವಿಷಯ 'ನಾನೇಕೆ ಓಡುತ್ತೇನೆ?' ಈಗ ಮುಖ ಕಾಣಿಸುತ್ತಿದೆ. ಮಾತ್ರೆ ಸರಿಯಿದೆ, ಮನುಷ್ಯ ಸರಿಯಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಅವರೇ ಬಂದು ಈ ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಓಡಬೇಕಾದ ಕಾರಣ ಒಂದೂ ಉಳಿದಿಲ್ಲ. ಆದರೂ ಓಡುತ್ತೇನೆ. ಈ ಹೊಸ ಚಪ್ಪಲಿಯನ್ನು ಯಾರಾದರೂ ಎತ್ತಿಡಿ, ಫಲಕವನ್ನು ಮುಂದಿನ ಸಾಲಿನಲ್ಲಿರುವ ನಮ್ಮ ಮಗಳಿಗೆ ಕೊಡಿ. ಅಧ್ಯಕ್ಷರೇ, ನಾವು ಬಾಗಿಲೊಳಗೆ ಬರುವವರೆಗೆ ಮೈಕು ನಿಮ್ಮದು, ಆ ಮನೆಗೆ ಚಾವಣಿ ಹಾಕಿಸಿ. ಇವತ್ತಿನ ಕೊನೆಯವರು ಮೂರು ಜನ ಎಂದು ಬರೆದುಕೊಳ್ಳಿ.

ಕಾದಿದ್ದಕ್ಕೆ ನಿಮಗೆಲ್ಲ ಕೃತಜ್ಞತೆಗಳು. ದಯವಿಟ್ಟು ನಡುವೆ ದಾರಿ ಬಿಡಿ. ನಮಸ್ಕಾರ.